ಹಿಡಿದು ಕೊಯ್ಯುವ ಯಂತ್ರ

18 ಜೂನ್ 2025, ಬುಧವಾರ
ಕೋಥ್ರೂಡ್, ಪುಣೆ

ಮಳೆ ಬಿಟ್ಟಿಲ್ಲ. ಆಫೀಸಿನ ಕಥೆ ಬೇಡ ಬಿಡಿ.

ನಮ್ಮ ಸೊಸೈಟಿಯ ಹಿಂದಿನ ಗೇಟಿನ ಮಳೆಮರ ಒಣಗಿ ನಿಂತಿರೋದು ನಿಮಗೆ ಗೊತ್ತಲ್ಲ. ಕಡಿಯೋಕೆ ಅಂತೂ ಒಪ್ಪಿಗೆ ಬಂತು. ಮಹಾರಾಷ್ಟ್ರದ ನಗರಗಳ ಮರ ರಕ್ಷಣೆಗಿರುವ 1975ರ ಕಾಯ್ದೆ ಪ್ರಕಾರ ಸತ್ತ ಮರಕ್ಕೂ ಕಾಗದ ಬೇಕು.

ಸಂಜೆ ಮರ ಕಡಿಯೋ ನಮ್ಮ ಇಂಡಿ ಕಡೆಯ ಅಣ್ಣ ನೋಡೋಕೆ ಬಂದಿದ್ದರು. ಕೊಡಲಿಯ ಹಿಂಬದಿಯಿಂದ ಕಾಂಡಕ್ಕೆ ಎರಡೇಟು ಹಾಕಿ ಸದ್ದು ಕೇಳಿದರು. "ಒಳಗ ಟೊಳ್ಳೈತ್ರಿ ಅಕ್ಕಾರ. ಹಗ್ಗ ಯಾವ ಟೊಂಗಿಗೆ ಕಟ್ಟೂದು?"

ಹಸಿ ಮರವಾದರೆ ಮೇಲಿನ ಕವಲಿಗೆ ಹಗ್ಗ ಹಾಕಿ, ಕೊಯ್ದ ಕೊಂಬೆಯನ್ನು ಮೆಲ್ಲಗೆ ಇಳಿಸುತ್ತಾರೆ. ಇಲ್ಲಿ ಆ ಕವಲೇ ಮುರಿದು ತಲೆ ಮೇಲೆ ಬಂದರೆ?

ಸುಮ್ನೆ ಮೊಬೈಲಲ್ಲಿ ಒಂದು ವಿಡಿಯೋ ತೋರಿಸಿದೆ. ಲಾರಿ ಮೇಲೆ ಕ್ರೇನು. ಅದರ ತುದಿಯಲ್ಲಿ ಏಡಿಯ ಕೊಂಡಿಯಂಥ ಹಿಡಿಯೋ ಕೈ, ಅದಕ್ಕೇ ಸೇರಿದಂತೆ ಒಂದು ಚೈನ್ ಗರಗಸ. ಮೊದಲು ಕೊಂಬೆಯನ್ನು ಕಚ್ಚಿ ಹಿಡಿಯುತ್ತೆ, ಆಮೇಲೆ ಕೊಯ್ಯುತ್ತೆ. ತುಂಡು ಬೀಳೋದೇ ಇಲ್ಲ. ಹಾಗೇ ಎತ್ತಿಕೊಂಡು ಹೋಗಿ ಪಕ್ಕಕ್ಕಿಡುತ್ತೆ. ಮರದ ಮೇಲೆ ಯಾರೂ ಇಲ್ಲ, ಆಪರೇಟರ್ ದೂರದಲ್ಲಿ ರಿಮೋಟ್ ಹಿಡಿದು ನಿಂತಿದ್ದಾನೆ.

ಅಣ್ಣ ಮತ್ತೆ ಮತ್ತೆ ಹಿಂದಕ್ಕೆ ಎಳೆದು ನೋಡಿದರು. ಕೆಲಸ ಹೋಗುತ್ತೆ ಅಂತ ಬೇಜಾರಾಯ್ತೇನೋ ಅಂದುಕೊಂಡೆ. ಅವರು ಕೇಳಿದ್ದೇ ಬೇರೆ. "ಕೊಯ್ದ ಕೂಡ್ಲೆ ಅಷ್ಟೂ ವಜ್ಜಿ ಇದರ ಕೈಗೇ ಬೀಳ್ತೈತಿ. ಎಷ್ಟ್ ವಜ್ಜಿ ಅಂತ ಮೊದಲ ಹೆಂಗ ಗೊತ್ತಾಕೈತ್ರಿ?"

ಓದಿದ್ದಷ್ಟು ಹೇಳಿದೆ. ಕೊಯ್ಯೋ ಮೊದಲೇ ಆಪರೇಟರ್ ತೂಕ ಅಂದಾಜು ಮಾಡಬೇಕು. ಬೂಮ್, ಅಂದ್ರೆ ಕ್ರೇನಿನ ಉದ್ದ ತೋಳು, ಚಾಚಿದಷ್ಟೂ ಎತ್ತುವ ತಾಕತ್ತು ಕಮ್ಮಿ, ಹಾಗಾಗಿ ದೂರದ ಕೊಂಬೆಯನ್ನು ಸಣ್ಣ ಸಣ್ಣ ತುಂಡಾಗಿ ತೆಗೀತಾರೆ.

"ಹಂಗಾರ ಅಂವಗೂ ಕಣ್ಣಂದಾಜು ಬೇಕಲ್ರಿ!" ನಕ್ಕರು. ನಗುವಿನಲ್ಲಿ ಸ್ವಲ್ಪ ಜಂಬ ಇತ್ತು. ಇರಲಿ, ಇಷ್ಟು ವರ್ಷ ಮರ ಹತ್ತಿದವರು.

ಆದರೆ ನಮ್ಮ ಗಲ್ಲಿಗೆ ಆ ಲಾರಿ ಬರೋದೆಲ್ಲಿ? ಎರಡೂ ಬದಿಗೆ ಕಾಲು ಚಾಚಿ ಗಟ್ಟಿ ನೆಲಕ್ಕೆ ಊರಬೇಕು, ಇಲ್ಲದಿದ್ದರೆ ಪಲ್ಟಿ. ಇಲ್ಲಿ ನೋಡಿದರೆ ಪಕ್ಕದಲ್ಲಿ ಸ್ಕೂಟರ್ ಸಾಲು, ಮೇಲೆ ವೈರು, ಕೆಳಗೆ ಮೊನ್ನೆ ಅಗೆದು ಮುಚ್ಚಿದ ಡ್ರೈನೇಜ್.

ಇದ್ದಕ್ಕಿದ್ದಂತೆ ಸಿಟ್ಟು ಬಂತು. ಟವರ್ ಕಟ್ಟೋಕೆ ಎಂಥೆಂಥ ಕ್ರೇನ್ ಬರುತ್ತೆ ಈ ಊರಿಗೆ. ಮರ ಹತ್ತೋರ ಸೊಂಟಕ್ಕೆ ಒಂದು ಸರಿಯಾದ ಬೆಲ್ಟ್ ಇಲ್ಲ.

ಆಳನ್ನು ತೊಟ್ಟಿಯಲ್ಲಿ ನಿಲ್ಲಿಸಿ ಮೇಲೆತ್ತುವ ಚಿಕ್ಕ ಬಕೆಟ್ ಲಿಫ್ಟ್ ಸಿಕ್ಕರೆ ಬಾಡಿಗೆಗೆ ತರೋಣ ಅಂದೆ. ಮರಕ್ಕೆ ಭಾರ ಹಾಕದೆ ನಿಂತು ಕೊಯ್ಯಬಹುದು. ಸೆಕ್ರೆಟರಿ "ಎಷ್ಟಾಗುತ್ತೆ?" ಅಂದವರು ಆಮೇಲೆ ಫೋನೇ ಎತ್ತುತ್ತಿಲ್ಲ. ಅದೂ ಅಲ್ಲದೆ ಗೇಟಿನ ಹತ್ತಿರದ ಆ ಬಿಳಿ ಕಾರು ಯಾರದ್ದೋ, ಅದನ್ನ ತೆಗೆಸದೆ...