ಗಸಗಸೆ ಹಣ್ಣು ಅಂಗಡಿಯಲ್ಲಿ ಯಾಕೆ ಸಿಗುವುದಿಲ್ಲ?

ನಮ್ಮ ಗೇಟಿನ ಪಕ್ಕದ ಗಸಗಸೆ ಹಣ್ಣಿನ ಮರ ನೋಡಿದವರೆಲ್ಲ ಕೇಳುವುದು ಇದನ್ನೇ: "ಇದನ್ನ ತಿನ್ನಬಹುದಾ? ಇಷ್ಟು ಸಿಹಿ ಇದ್ರೆ ಮಾರ್ಕೆಟ್ಟಿಗೆ ಯಾಕೆ ಬರಲ್ಲ?"

ಖಂಡಿತ ತಿನ್ನಬಹುದು. ಮಾರ್ಕೆಟ್ಟಿಗೆ ಬರದಿರಲು ಕಾರಣ ಅದರ ಸಿಪ್ಪೆ. ಗೋಲಿ ಗಾತ್ರದ ಹಣ್ಣು, ಸಿಪ್ಪೆ ತುಂಬಾ ತೆಳು, ಒಳಗೆಲ್ಲ ರಸ ಮತ್ತು ಲೆಕ್ಕವಿಲ್ಲದಷ್ಟು ಪುಟಾಣಿ ಬೀಜ. ಕೆಂಪಗೆ ಕಳಿತದ್ದನ್ನು ಬುಟ್ಟಿಗೆ ತುಂಬಿದರೆ ಅಡಿಯಲ್ಲಿರುವುದು ಒಡೆದು ಅಂಟಂಟಾಗುತ್ತದೆ. ಹಸಿರಿದ್ದಾಗಲೇ ಕಿತ್ತರೆ ಆ ಸಿಹಿ ಇರುವುದಿಲ್ಲ. ಸಾಗಿಸಲಾಗದ ಹಣ್ಣನ್ನು ಯಾರು ಮಾರುತ್ತಾರೆ? ತಿನ್ನಬೇಕೆಂದರೆ ಮನೆಯಲ್ಲೇ ಬೆಳೆಸಿ ಅಂತ ಎಲ್ಲರಿಗೂ ಹೇಳುತ್ತೇನೆ.

ಸಿಂಗಾಪುರ ಚೆರಿ ಅಂತಲೂ ಕರೆಯುವ ಈ ಮರದ ತವರು ದಕ್ಷಿಣ ಮೆಕ್ಸಿಕೋ, ಮಧ್ಯ ಅಮೆರಿಕದ ಕಡೆ. ನಮ್ಮ ಬಿಸಿಲಿಗೆ ಚೆನ್ನಾಗಿ ಒಗ್ಗಿದೆ. ಬರಡು ಮಣ್ಣಿದ್ದರೂ ಸರಿ, ಬುಡದಲ್ಲಿ ನೀರು ಮಾತ್ರ ನಿಲ್ಲಬಾರದು.

ಬೀಜ ಹುಟ್ಟಲೇ ಇಲ್ಲ ಅನ್ನುವವರು ಸಾಮಾನ್ಯವಾಗಿ ಅದನ್ನು ಮಣ್ಣಲ್ಲಿ ಹೂತಿರುತ್ತಾರೆ. ಈ ಬೀಜಕ್ಕೆ ಬೆಳಕು ಬೇಕು. ಹಣ್ಣನ್ನು ನೀರಲ್ಲಿ ಹಿಸುಕಿ, ಬೀಜ ತೊಳೆದು, ಒದ್ದೆ ಮಣ್ಣಿನ ಮೇಲೆ ಸುಮ್ನೆ ಉದುರಿಸಿ. ಮುಚ್ಚಬೇಡಿ. ಇನ್ನೂ ಸುಲಭದ ದಾರಿಯಿದೆ: ಹಕ್ಕಿ, ಬಾವಲಿಗಳು ತಿಂದು ಹಾಕಿದ ಬೀಜದಿಂದ ಕಾಂಪೌಂಡಿನ ಬಿರುಕಲ್ಲಿ, ಚರಂಡಿಯ ಅಂಚಲ್ಲಿ ಸಸಿ ಎದ್ದಿರುತ್ತದೆ. ಬೇರು ಹರಿಯದ ಹಾಗೆ ಕಿತ್ತು ತಂದು ನೆಡಿ. ಸುಮಾರು ಎರಡು ವರ್ಷದಲ್ಲಿ ಹಣ್ಣು ಬಿಡುತ್ತದೆ, ಆಮೇಲೆ ಹೆಚ್ಚು ಕಡಿಮೆ ವರ್ಷವಿಡೀ.

ಜಾಗ ಮಾತ್ರ ಯೋಚಿಸಿ ಆರಿಸಿ. ಕೊಂಬೆಗಳು ಅಡ್ಡಡ್ಡ ಚಾಚುತ್ತವೆ, ಜೋರು ಗಾಳಿಗೆ ಮುರಿಯುತ್ತವೆ. ರಾತ್ರಿ ಬಾವಲಿಗಳು ಬಂದರೆ ಬೆಳಗ್ಗೆ ಕೆಳಗೆಲ್ಲ ಗಲೀಜು. ಕಾರು ನಿಲ್ಲಿಸುವ, ಬಟ್ಟೆ ಒಣಗಿಸುವ ಕಡೆ ಬೇಡ. ಟೆರೇಸಿನವರು ದೊಡ್ಡ ಡ್ರಮ್ಮಿನಲ್ಲಿ ನೆಟ್ಟು ಆಗಾಗ ಸವರುತ್ತಿದ್ದರೆ ಗಿಡ ಕೈಗೆಟಕುವಷ್ಟೇ ಇರುತ್ತದೆ.

ತಿನ್ನುವಾಗ ಹಣ್ಣನ್ನು ಕೊಂಬೆಯ ಕೆಳಗಿನಿಂದ ಹುಡುಕಿ. ಎಲೆಗಳ ಅಡಿಯಲ್ಲೇ ತೂಗುವುದರಿಂದ ಮೇಲಿಂದ ನೋಡಿದರೆ ಕಾಣುವುದಿಲ್ಲ. ಮುಟ್ಟಿದರೆ ಮೆತ್ತಗಿರುವುದನ್ನೇ ಕೀಳಿ, ತೊಳೆದು ಸಿಪ್ಪೆ ಸಮೇತ ಬಾಯಿಗೆ ಹಾಕಿಕೊಳ್ಳಿ. ಫ್ರಿಜ್ಜಿನಲ್ಲಿ ಕೂಡಿಡಲು ಹೋಗಬೇಡಿ. ಮಿಕ್ಕಿದ್ದನ್ನು ಪಿಕಳಾರ, ಅಳಿಲುಗಳಿಗೆ ಬಿಡಿ.