ಎಲೆ ನೋಡಿ ಬಡಿಸುವುದನ್ನು ಕೋಬೆಯಲ್ಲಿ ಕಲಿತೆ

ಕುಂದಾಪುರ ಕಡೆಯ ಹೋಟೆಲೊಂದರಲ್ಲಿ ಮೂರು ವರ್ಷ ದೋಸೆ ಕಾವಲಿ ಮುಂದೆ ನಿಂತವನು ನಾನು. ಒಂದೇ ಸಲಕ್ಕೆ ಎಂಟು ದೋಸೆ ಹುಯ್ದರೆ, ಮೊದಲನೆಯದು ಕೆಂಪಾಗುವಷ್ಟರಲ್ಲಿ ಎಂಟನೆಯದಕ್ಕೆ ಎಣ್ಣೆ ಬಿದ್ದಿರಬೇಕು. ನೀರು ಚಿಮುಕಿಸಿ ಕಡ್ಡಿ ಹಿಡಿಯಿಂದ ಗುಡಿಸಿದಾಗ ಬರುವ ಸದ್ದಿನಲ್ಲೇ ಕಾವಲಿಯ ಕಾವು ಗೊತ್ತಾಗುತ್ತಿತ್ತು. ಹಾಗಾಗಿ ಜಪಾನಿನ ಕೋಬೆಯಲ್ಲಿ ತೆಪ್ಪನ್‌ಯಾಕಿ ಕೆಲಸಕ್ಕೆ ಸೇರಿದಾಗ, ಬಿಸಿ ಕಬ್ಬಿಣ ನನಗೇನೂ ಹೊಸದಲ್ಲ ಎಂಬ ಧೈರ್ಯವಿತ್ತು. ‘ತೆಪ್ಪನ್’ ಅಂದರೆ ಕಬ್ಬಿಣದ ಹಲಗೆ, ‘ಯಾಕಿ’ ಅಂದರೆ ಸುಟ್ಟಿದ್ದು, ಹುರಿದದ್ದು.

ಗಿರಾಕಿಯ ಕಣ್ಣೆದುರೇ ಈ ಹಲಗೆಯ ಮೇಲೆ ಸ್ಟೇಕ್, ಅಂದರೆ ಮಾಂಸದ ದಪ್ಪ ಹೋಳು, ಸುಡುವ ಪದ್ಧತಿ ಶುರುವಾದದ್ದು ಇದೇ ಕೋಬೆಯ ‘ಮಿಸೋನೊ’ ಹೋಟೆಲಿನಲ್ಲಿ, 1945ರಲ್ಲಿ ಎನ್ನುತ್ತಾರೆ. ಸಟ್ಟುಗ ತಿರುಗಿಸುವುದು, ಈರುಳ್ಳಿ ಬಳೆಗಳನ್ನು ಗುಡ್ಡದಂತೆ ಪೇರಿಸಿ ಬೆಂಕಿ ಎಬ್ಬಿಸುವುದು, ಇವೆಲ್ಲ ಹೆಸರಾದದ್ದು ಅಮೆರಿಕದಲ್ಲಿ. ಹಿರೋಆಕಿ ಆಓಕಿ 1964ರಲ್ಲಿ ನ್ಯೂಯಾರ್ಕಿನಲ್ಲಿ ತೆರೆದ ‘ಬೆನಿಹಾನಾ’ ಹೋಟೆಲಿನಿಂದ. ನಾನಿರುವಲ್ಲಿ ಆ ಆಟ ಇಲ್ಲ. ಎದುರಿಗೆ ಎಂಟು ಕುರ್ಚಿ, ನಡುವೆ ಹಲಗೆ, ಅಷ್ಟೇ.

ಮೊದಲ ಸಲ ಒಬ್ಬನೇ ನಿಂತ ದಿನ ವಯಸ್ಸಾದ ದಂಪತಿ ಬಂದಿದ್ದರು. ಬೆಳ್ಳುಳ್ಳಿ ಬಿಲ್ಲೆಗಳನ್ನು ಹೊಂಬಣ್ಣಕ್ಕೆ ಕರಿದು ತೆಗೆದೆ, ಮಾಂಸ ಹದವಾಗಿ ಬೆಂದಿತ್ತು. ಇಬ್ಬರದ್ದನ್ನೂ ಒಟ್ಟಿಗೆ ಕತ್ತರಿಸಿ, ಒಟ್ಟಿಗೆ ಬಡಿಸಿ, ಆಗಲೇ ಅನ್ನ ಹುರಿಯಲು ಶುರು ಮಾಡಿದ್ದೆ. ಆ ಅಜ್ಜಿ ಒಂದೊಂದೇ ತುಂಡನ್ನು ಉಪ್ಪಿಗೆ ಮುಟ್ಟಿಸಿ ನಿಧಾನಕ್ಕೆ ಅಗಿಯುತ್ತಿದ್ದರು. ತಟ್ಟೆಯಲ್ಲಿ ಇನ್ನೂ ನಾಲ್ಕು ತುಂಡು ಉಳಿದಿದ್ದವು. ಹೊಳಪು ಆರಿ ಮಂಕಾಗಿದ್ದವು. ಪಕ್ಕಕ್ಕೆ ಬೆಳ್ಳುಳ್ಳಿ ಅನ್ನ ಬಂದ ಕೂಡಲೇ ಅವರು ಅವಸರ ಮಾಡತೊಡಗಿದರು. ನಗುತ್ತಲೇ ಇದ್ದರು, ಆದರೆ ಎರಡು ತುಂಡು ಹಾಗೇ ಬಿಟ್ಟು ಎದ್ದರು. ಅದು ಈಗಲೂ ನನಗೆ ನೋವಿನ ವಿಷಯ.

ನಮ್ಮ ಹಿರಿಯ ಬಾಣಸಿಗರು ಗಿರಾಕಿಗಳ ಮುಂದೆ ಒಂದು ಮಾತೂ ಆಡಲಿಲ್ಲ. ರಾತ್ರಿ ಬಾಗಿಲು ಹಾಕಿದ ಮೇಲೆ, “ಕೂತ್ಕೋ” ಎಂದು ಆ ಅಜ್ಜಿ ಕೂತಿದ್ದ ಕುರ್ಚಿಯನ್ನೇ ತೋರಿಸಿದರು.

ಅಲ್ಲಿ ಕೂತು ನೋಡಿದರೆ ಹಲಗೆಯೇ ಬೇರೆ ಥರ ಕಾಣುತ್ತದೆ. ಅವರು ಮಾಂಸವನ್ನು ಬಿಸಿ ಹೆಚ್ಚಿರುವ ನಡುಭಾಗದಲ್ಲಿಟ್ಟು ಹೊರಮೈ ಕಂದಾಗಿಸಿದರು, ಕಾವು ಕಡಿಮೆ ಇರುವ ಅಂಚಿಗೆ ಸರಿಸಿ ಸ್ವಲ್ಪ ಹೊತ್ತು ಬಿಟ್ಟರು. ಆಮೇಲೆ ಬರೀ ಎರಡು ತುಂಡು ಕತ್ತರಿಸಿ, ನನ್ನ ಮುಂದಿದ್ದ ಬ್ರೆಡ್ಡಿನ ತೆಳು ಹೋಳಿನ ಮೇಲಿಟ್ಟರು. ಬಾಯಿಗಿಟ್ಟರೆ ಕೊಬ್ಬು ಬೆಣ್ಣೆಯಂತೆ ಕರಗಿತು. ನಾನು ಚಾಪ್‌ಸ್ಟಿಕ್ ಕೆಳಗಿಟ್ಟ ಮೇಲೆಯೇ ಚಾಕು ಮತ್ತೆ ಅಲುಗಿದ್ದು. ಕೊನೆಗೆ ಆ ಬ್ರೆಡ್ಡನ್ನೂ ಬಿಡಲಿಲ್ಲ. ಇಳಿದ ರಸವನ್ನೆಲ್ಲ ಕುಡಿದಿದ್ದ ಅದನ್ನು ಹಲಗೆಯ ಮೇಲೆ ಗರಿಗರಿಯಾಗಿ ಸುಟ್ಟು ಕೊಟ್ಟರು. ಅಷ್ಟು ತೃಪ್ತಿಯಾಗಿ ಉಂಡ ನೆನಪು ನನಗೆ ಹೆಚ್ಚಿಲ್ಲ.

“ನಿನ್ನ ಕೈ ಚೆನ್ನಾಗಿದೆ. ಅವರ ಬಾಯಿ ಕಡೆ ನೋಡು” ಅಂದರು, ಅಷ್ಟೇ.

ನಮ್ಮೂರ ಪಂಕ್ತಿಯಲ್ಲಿ ನನ್ನ ಅಜ್ಜ ಇದನ್ನೇ ಬೇರೆ ಮಾತಲ್ಲಿ ಹೇಳುತ್ತಿದ್ದರು: “ಎಲೆ ನೋಡಿ ಬಡಿಸೋ.” ದೋಸೆ ಕಾವಲಿ ಗೋಡೆಯ ಹಿಂದೆ ಇರುತ್ತದೆ, ಎಲೆ ಕಾಣುವುದು ಸಪ್ಲೈಯರಿಗೆ. ಇಲ್ಲಿ ಸುಡುವವನೂ ಬಡಿಸುವವನೂ ಒಬ್ಬನೇ. ಅದು ನನಗೆ ಹೊಳೆದಿರಲಿಲ್ಲ.

ಕಳೆದ ಚಳಿಗಾಲದಲ್ಲಿ ಬೆಂಗಳೂರಿನ ದಂಪತಿ ಬಂದರು, ಹೆಂಡತಿ ಸಸ್ಯಾಹಾರಿ. ಈ ಹಲಗೆಗೆ ದನದ ಕೊಬ್ಬು ಸವರುತ್ತೇವೆ, ಅದ್ದಿಕೊಳ್ಳುವ ಸಾಸಿನಲ್ಲಿ ಮೀನಿನ ಸಾರವಿದೆ ಎಂದು ಕೂರುವ ಮೊದಲೇ ಕನ್ನಡದಲ್ಲಿ ಬಿಡಿಸಿ ಹೇಳಿದೆ. ಅವರ ಪಾಲಿನದ್ದನ್ನು ಬೇರೆ ಬಾಣಲೆಯಲ್ಲಿ ಎಣ್ಣೆ ಹಾಕಿ ಮಾಡಿದೆ: ತಾವರೆ ದಂಟು, ತೋಫು, ಬದನೆಕಾಯಿ. ನೆಂಚಿಕೊಳ್ಳಲು ಉಪ್ಪು, ನಿಂಬೆ. ತಾವರೆ ದಂಟಿನ ಕೊನೆಯ ಬಿಲ್ಲೆಯನ್ನು ಅವರು ಬೆಳಕಿಗೆ ಹಿಡಿದು ಅದರ ತೂತುಗಳನ್ನು ನೋಡುತ್ತಾ ಕೂತರು. ಬದನೆಕಾಯಿ ಬಾಣಲೆಗೆ ಹಾಕದೆ ಕಾದೆ.