ಮೇಜಿನ ಮೇಲಿನ ಹಸಿರು ಬಟ್ಟೆ

ಸಂಚಿಕೆಗೆ ನೆನಪುಗಳನ್ನು ಬರೆದುಕೊಡಿ ಎಂದು ಸಂಪಾದಕರು ಕೇಳಿದಾಗ ನನ್ನ ಕಣ್ಣ ಮುಂದೆ ಬಂದದ್ದು ಗ್ರಂಥಾಲಯವಲ್ಲ, ತರಗತಿಯೂ ಅಲ್ಲ. ವಿಶ್ವವಿದ್ಯಾಲಯದ ಕಚೇರಿಯ ಪಿಎಚ್.ಡಿ. ವಿಭಾಗದಲ್ಲಿ ಎರಡನೇ ಮೇಜಿನ ಮೇಲೆ ಹಾಸಿದ್ದ ಹಸಿರು ಬಟ್ಟೆ. ಪ್ರಬಂಧ ಬರೆದು ಮುಗಿಸಿದ ಮೇಲೆ ಅದನ್ನು ಒಪ್ಪಿಸುವುದಕ್ಕೇ ನನಗೆ ಹದಿನಾಲ್ಕು ತಿಂಗಳು ಹಿಡಿಯಿತು. ಅದರಲ್ಲಿ ಬಹಳಷ್ಟು ಹೊತ್ತು ಆ ಬಟ್ಟೆಯನ್ನೇ ನೋಡುತ್ತಾ ನಿಂತಿದ್ದೇನೆ. ಎಡ ಮೂಲೆಯಲ್ಲಿ ಅಂಗೈಯಷ್ಟಗಲ ಇಂಕಿನ ಕಲೆ. ಅದರ ಮೇಲೆ ಸೀಲಿನ ಪ್ಯಾಡು. ಪ್ಯಾಡು ಎತ್ತಿದಾಗಲೆಲ್ಲ ಕಲೆ ಇನ್ನಷ್ಟು ದೊಡ್ಡದಾದಂತೆ ಕಾಣುತ್ತಿತ್ತು.

ನನ್ನ ವಿಷಯ ಆಡಳಿತದ ಚರಿತ್ರೆ. ಕಚೇರಿಗಳು ಹೇಗೆ ಹುಟ್ಟುತ್ತವೆ, ಹೇಗೆ ಬೆಳೆಯುತ್ತವೆ ಅನ್ನೋದು. ನಗಬೇಡಿ. ಗೆಳತಿಯರು ಆಗಲೇ ಸಾಕಷ್ಟು ನಕ್ಕಿದ್ದಾರೆ.

ಬ್ಯೂರೋ ಎಂಬ ಫ್ರೆಂಚ್ ಮಾತಿಗೆ ಮೊದಲು ಇದ್ದ ಅರ್ಥ ಮೇಜಿನ ಮೇಲೆ ಹಾಸುವ ಒರಟು ಉಣ್ಣೆ ಬಟ್ಟೆ. ಆಮೇಲೆ ಬಟ್ಟೆ ಹಾಸಿದ ಮೇಜಿಗೇ ಆ ಹೆಸರು ಬಂತು, ಆಮೇಲೆ ಮೇಜು ಇರುವ ಕೋಣೆಗೆ. 18ನೇ ಶತಮಾನದಲ್ಲಿ ವಿನ್ಸೆಂಟ್ ದ ಗುರ್ನೇ ಎಂಬಾತ ಅದಕ್ಕೊಂದು ಬಾಲ ಸೇರಿಸಿ 'ಬ್ಯೂರೋಕ್ರಸಿ' ಎಂದು ಗೇಲಿ ಮಾಡಿದ. ಅಂದರೆ ಮೇಜಿನ ಆಳ್ವಿಕೆ. ಗೇಲಿ ಮಾಡಿದವನೂ ಸರ್ಕಾರಿ ಅಧಿಕಾರಿಯೇ. ಇದನ್ನೆಲ್ಲ ಮೊದಲ ಅಧ್ಯಾಯದಲ್ಲಿ ಗಂಭೀರವಾಗಿ ಬರೆದಿದ್ದೆ. ಆ ಬಟ್ಟೆ ನನಗಾಗಿ ಕಾಯುತ್ತಿದೆ ಅಂತ ಆಗ ಗೊತ್ತಿರಲಿಲ್ಲ.

ನನ್ನ ಪ್ರಬಂಧದ ಹೆಸರು 'ಆಡಳಿತದಲ್ಲಿ ಕಡತದ ಪಾತ್ರ: ಒಂದು ಅಧ್ಯಯನ'. ನಾಲ್ಕು ವರ್ಷದ ಹಿಂದೆ ನನ್ನ ಕೈಗೆ ಬಂದ ನೋಂದಣಿ ಪತ್ರದಲ್ಲಿ ಅದು 'ಅಡಳಿತದಲ್ಲಿ' ಎಂದಾಗಿತ್ತು. ನಾನೂ ನೋಡಿರಲಿಲ್ಲ, ನಮ್ಮ ಮೇಷ್ಟ್ರೂ ನೋಡಿರಲಿಲ್ಲ. ನನ್ನ ಕಡತ ನೋಡಿಕೊಳ್ಳುವ ಗುಮಾಸ್ತರು, ಅಂದರೆ ಕೇಸ್ ವರ್ಕರ್, ನೋಡಿದರು. ಆ ಪತ್ರವನ್ನೂ ಪ್ರಬಂಧದ ಮೊದಲ ಪುಟವನ್ನೂ ಹಸಿರು ಬಟ್ಟೆಯ ಮೇಲೆ ಅಕ್ಕಪಕ್ಕ ಇಟ್ಟು, ಒಂದೊಂದೇ ಅಕ್ಷರದ ಕೆಳಗೆ ಪೆನ್ನಿನ ಹಿಂಬದಿ ಓಡಿಸಿದರು. ಮೊದಲ ಅಕ್ಷರದಲ್ಲೇ ಪೆನ್ನು ನಿಂತಿತು.

"ಟೈಟಲ್ ತಾಳೆ ಆಗ್ತಿಲ್ಲಮ್ಮ."

"ಸರ್, ಅದು ಇಲ್ಲಿ ಟೈಪ್ ಮಾಡುವಾಗ ಆದ ತಪ್ಪು. 'ಅಡಳಿತ' ಅಂತ ಮಾತೇ ಇಲ್ಲ."

"ಇಲ್ದೇ ಇರಬಹುದು. ಅಪ್ರೂವ್ ಆಗಿರೋದು ಅದೇ ಅಲ್ವಾ?"

ಎರಡು ದಾರಿ ತೋರಿಸಿದರು. ತಪ್ಪು ಹೆಸರಿನಲ್ಲೇ ರಟ್ಟು ಹಾಕಿಸಿ ತರುವುದು. ಇಲ್ಲವೇ ಶೀರ್ಷಿಕೆ ಬದಲಾವಣೆಗೆ ಅರ್ಜಿ ಹಾಕುವುದು. ಆಡಳಿತದ ಬಗ್ಗೆಯೇ ಬರೆದು, ಆ ಮಾತನ್ನೇ ತಪ್ಪಾಗಿ ಅಚ್ಚು ಹಾಕಿಸಲು ಮನಸ್ಸು ಬರಲಿಲ್ಲ. ಅರ್ಜಿ ತಂದೆ. ಅದರಲ್ಲಿ 'ಬದಲಾವಣೆಗೆ ಶೈಕ್ಷಣಿಕ ಕಾರಣಗಳು' ಎಂದು ಅರ್ಧ ಪುಟ ಖಾಲಿ ಬಿಟ್ಟಿದ್ದರು. ಒಂದು ದೀರ್ಘಕ್ಕೆ ಅರ್ಧ ಪುಟದಷ್ಟು ಶೈಕ್ಷಣಿಕ ಕಾರಣ ಎಲ್ಲಿಂದ ತರಲಿ? ಮೇಷ್ಟ್ರನ್ನು ಕೇಳಿದೆ. "ಹ್ರಸ್ವಕ್ಕಿಂತ ದೀರ್ಘವೇ ವಿಷಯದ ವ್ಯಾಪ್ತಿಗೆ ಹೊಂದುತ್ತದೆ ಅಂತ ಬರಿ" ಎಂದರು. ನಾನು ಅದನ್ನೇ ಬರೆದೆ! ಮೇಷ್ಟ್ರ ಸಹಿ, ಮುಖ್ಯಸ್ಥರ ಸಹಿ, ಆಮೇಲೆ ಸಮಿತಿ. ಸಮಿತಿ ಸೇರಿದ್ದು ಐದು ತಿಂಗಳ ಮೇಲೆ. ಯಾರೂ ಒಂದು ಪ್ರಶ್ನೆ ಕೇಳದೆ ಒಪ್ಪಿದರಂತೆ.

ಉಳಿದದ್ದನ್ನು ಬೇಗ ಹೇಳಿ ಮುಗಿಸುತ್ತೇನೆ. ಕೃತಿಚೌರ್ಯ ತಪಾಸಣೆಯ ಸಾಫ್ಟ್‌ವೇರ್ ನನ್ನ ಎರಡನೇ ಅಧ್ಯಾಯವನ್ನು ಹಿಡಿದು ಹಾಕಿತು. ಯಾರಿಂದ ಕದ್ದದ್ದು ಅಂತ ನೋಡಿದರೆ, ನಾನೇ ಪ್ರಕಟಿಸಿದ್ದ ಲೇಖನದಿಂದ. ಆ ಸಾಫ್ಟ್‌ವೇರ್ ಹೇಳುವುದು ಎಷ್ಟು ಮಾತು ಹೋಲುತ್ತದೆ ಎಂಬುದನ್ನು ಮಾತ್ರ, ಕಳ್ಳತನ ಹೌದೋ ಅಲ್ಲವೋ ಮನುಷ್ಯರೇ ನೋಡಬೇಕು.  ಇದನ್ನು ಒಪ್ಪಿಸುವುದಕ್ಕೆ ಮೂರು ಪತ್ರ ಬೇಕಾದವು.

ನಂತರ ಅಳತೆ. ನಾನು ಇಳಿಸಿಕೊಂಡಿದ್ದ ಮಾದರಿ ಫೈಲು ಅಮೆರಿಕದ ಲೆಟರ್ ಸೈಜಿನದು, 279 ಮಿಲಿಮೀಟರ್ ಎತ್ತರ. ಪ್ರಿಂಟ್ ಹಾಕಿಸಿದ ಎ4 ಹಾಳೆ 297. ಅಂಕಿ ಎರಡು ಅದಲು ಬದಲಾದದ್ದು ನನಗೆ ತಿಳಿಯಲೇ ಇಲ್ಲ. ಅಲ್ಲಿದ್ದ ಒಬ್ಬರು ಮರದ ಸ್ಕೇಲ್ ತೆಗೆದು, ಎಡ ಅಂಚು ಒಂದೂವರೆ ಇಂಚು ಇದೆಯಾ ಅಂತ ಐದಾರು ಪುಟ ಅಳೆದರು. ಅದು ಸರಿ ಇತ್ತು. ಕೆಳಗಿನ ಅಂಚು ನೋಡಿ ಸ್ಕೇಲ್ ಕೆಳಗಿಟ್ಟರು. ಬೈಂಡ್ ಮಾಡಿಸಿದ ಮೇಲೆ ಎಡಗಡೆಯ ಅಕ್ಷರ ಹೊಲಿಗೆಯಲ್ಲಿ ನುಂಗಿಹೋಗಬಾರದು ಅನ್ನೋದು ನ್ಯಾಯವೇ. ಕೆಳಗೆ ಖಾಲಿ ಜಾಗ ಜಾಸ್ತಿ ಆದರೆ ಯಾರಿಗೆ ಏನು ನಷ್ಟವೋ ಇವತ್ತಿಗೂ ತಿಳಿದಿಲ್ಲ. 312 ಪುಟ ಮತ್ತೆ ಪ್ರಿಂಟ್ ಹಾಕಿಸಿದೆ.

ಹಾಸ್ಟೆಲ್‌ನಲ್ಲಿ ಒಂದು ದಿನವೂ ಇರದ ನಾನು ಹಾಸ್ಟೆಲ್‌ಗೆ ಹೋಗಿ ನೋ ಡ್ಯೂ, ಅಂದರೆ ಬಾಕಿ ಏನೂ ಇಲ್ಲ ಅನ್ನುವ ಪತ್ರ, ತಂದೆ. "ನೀವು ಅಲ್ಲಿ ಇರಲಿಲ್ಲ ಅಂತ ಅಲ್ಲಿಯವರೇ ಬರೆದುಕೊಡಬೇಕು" ಎಂದರು. ಯೋಚಿಸಿದರೆ ಅದೂ ಸರಿಯೇ.

ಪಾರ್ಕಿನ್ಸನ್ ಎಂಬ ಇತಿಹಾಸಕಾರರು 1955ರಲ್ಲಿ ಬರೆದ ಒಂದು ಲೆಕ್ಕ ನನ್ನ ಮೂರನೇ ಅಧ್ಯಾಯದಲ್ಲಿದೆ. 1914ರಿಂದ 1928ರೊಳಗೆ ಬ್ರಿಟಿಷ್ ನೌಕಾಪಡೆಯ ದೊಡ್ಡ ಯುದ್ಧನೌಕೆಗಳು 62ರಿಂದ 20ಕ್ಕೆ ಇಳಿದವು. ಅದೇ ಹೊತ್ತಿಗೆ ಕಚೇರಿಯ ಅಧಿಕಾರಿಗಳು 2000ದಿಂದ 3569ಕ್ಕೆ ಏರಿದರು. ಅಧಿಕಾರಿಗಳು ಒಬ್ಬರಿಗೊಬ್ಬರು ಕೆಲಸ ಹುಟ್ಟಿಸುತ್ತಾರೆ, ಅದಕ್ಕೇ ಕೆಲಸ ಇಳಿದರೂ ಅವರ ಸಂಖ್ಯೆ ಏರುತ್ತದೆ ಅನ್ನುವ ವಾದ. ನಾನೂ ಅದನ್ನು ಹಿಡಿದು ನಾಲ್ಕು ಪುಟ ಎಳೆದಿದ್ದೆ.

ಆದರೆ ನಾನು ಕಂಡ ವಿಭಾಗದಲ್ಲಿ ನಾಲ್ಕು ಕುರ್ಚಿಗಳಲ್ಲಿ ಎರಡು ಖಾಲಿ. ಕೇಸ್ ವರ್ಕರ್ ಒಬ್ಬರೇ, ಪಕ್ಕದ ಮೇಜಿನ ಕೆಲಸವೂ ಅವರದೇ. ಅಲ್ಲಿ ಯಾರೂ ಕೆಟ್ಟವರಲ್ಲ. ಎಲ್ಲರೂ ತಮ್ಮ ಸಹಿಯ ಜಾಗ ನೋಡುತ್ತಿದ್ದರು, ಅಷ್ಟೇ. ಫೈಲನ್ನು ಮೊದಲಿಂದ ಕೊನೆವರೆಗೆ ಓದಿದವಳು ನಾನೊಬ್ಬಳೇ. ಅದು ಮುಂದೆ ಹೋಯಿತಾ ಅಂತ ನೋಡುವುದು ಅಲ್ಲಿ ಯಾರ ಕೆಲಸವೂ ಆಗಿರಲಿಲ್ಲ. ಆರನೇ ತಿಂಗಳಲ್ಲೋ ಏನೋ, ಅದೇ ಕೇಸ್ ವರ್ಕರ್ ತಲೆ ಎತ್ತದೆ ಹೇಳಿದರು: "ಹೆಸರು ಹೇಳಿ ಕೇಳಬೇಡಮ್ಮ, ಇನ್ವರ್ಡ್ ನಂಬರ್ ಹೇಳಿ ಕೇಳು. ಕೊಟ್ಟಿದ್ದಕ್ಕೆಲ್ಲ ಒಂದು ಜೆರಾಕ್ಸ್ ಇಟ್ಕೊ, ಅದರ ಮೇಲೆ ಸೀಲ್ ಹಾಕಿಸ್ಕೊ." ಅಂದಿನಿಂದ ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ, ಕಾಗದ ಕಚೇರಿಗೆ ಬಂದಾಗ ಹಾಕುವ ಆ ನಂಬರು, ತಾರೀಖು, ಯಾವ ಮೇಜು ಅಂತ ಬರೆದಿಟ್ಟೆ. ಹೆಸರು ಹೇಳಿದಾಗ ಸಿಗದ ಫೈಲು ನಂಬರು ಹೇಳಿದರೆ ಎರಡು ನಿಮಿಷದಲ್ಲಿ ಸಿಗುತ್ತಿತ್ತು. ಕಚೇರಿಗೆ ಕಡತವೇ ತಳಪಾಯ ಎಂದ ಜರ್ಮನ್ ಸಮಾಜಶಾಸ್ತ್ರಜ್ಞ ಮ್ಯಾಕ್ಸ್ ವೇಬರನನ್ನು ನಾನು ಆಗಲೇ ಹತ್ತು ಕಡೆ ಉದ್ಧರಿಸಿದ್ದೆ. ಅರ್ಥವಾದದ್ದು ಮಾತ್ರ ಆಗ. (ವೇಬರ್ ತನ್ನ ದೊಡ್ಡ ಬರಹವನ್ನು ಮುಗಿಸುವ ಮೊದಲೇ 1920ರಲ್ಲಿ ತೀರಿಕೊಂಡ. ಹೆಂಡತಿ ಮಾರಿಯಾನೆ ಕೂತು ಜೋಡಿಸಿ ಪ್ರಕಟಿಸಿದಳು. ನನಗೆ ಆ ಅನುಕೂಲ ಇರಲಿಲ್ಲ.)

ಹಾಗಾಗಿ ಒಪ್ಪಿಸುವ ಹೊತ್ತಿಗೆ ನನ್ನ ಮೂರನೇ ಅಧ್ಯಾಯದ ಆ ನಾಲ್ಕು ಪುಟಗಳನ್ನು ನಾನೇ ನಂಬುತ್ತಿರಲಿಲ್ಲ. ತಿದ್ದಬೇಕೆಂದರೆ ಮತ್ತೆ ತಪಾಸಣೆ, ಮತ್ತೆ ಪ್ರಿಂಟು, ಮತ್ತೆ ಆ ಮರದ ಸ್ಕೇಲು. ಸುಮ್ನೆ ಬಿಟ್ಟೆ.

ಮೌಖಿಕ ಪರೀಕ್ಷೆಯ ದಿನ ಹೊರಗಿನಿಂದ ಬಂದ ಪರೀಕ್ಷಕರು ಚೀಟಿ ಇಟ್ಟುಕೊಂಡಿದ್ದ ಪುಟ ತೆಗೆದರು. ಅದೇ ಪುಟ.

"ಈ ವಾದವನ್ನು ನೀವು ಒಪ್ಪುತ್ತೀರಾ?"

"ಬರೆಯುವಾಗ ಒಪ್ಪಿದ್ದೆ, ಸರ್."

"ಮತ್ತೆ ತಿದ್ದಲಿಲ್ಲ ಯಾಕೆ?"

ನಾನು ಮೇಷ್ಟ್ರ ಕಡೆ ತಿರುಗಿದೆ. ಅವರು ಫ್ಯಾನು ನೋಡುತ್ತಿದ್ದರು.